ಹಡಗಿನ ಏಣಿ, ಬಂದರಿನ ಗೇಟು

ನಮ್ಮ ಕರಾವಳಿಯ ಊರುಗಳಲ್ಲಿ ‘ಮಗ ಶಿಪ್ಪಿನಲ್ಲಿದ್ದಾನೆ’ ಎಂದರೆ ಸಾಕು, ಕೇಳಿದವರ ಕಣ್ಣ ಮುಂದೆ ಸಿಂಗಾಪುರ, ರಾಟರ್‌ಡ್ಯಾಂ, ಹ್ಯೂಸ್ಟನ್ ಸುಳಿದು ಹೋಗುತ್ತವೆ. ಮಗನನ್ನೇ ಕೇಳಿ ನೋಡಿ. ಸಿಂಗಾಪುರದ ದೀಪಗಳನ್ನು ಡೆಕ್ಕಿನ ಮೇಲೆ ನಿಂತು ನೋಡಿದೆ ಎನ್ನುತ್ತಾನೆ. ಹ್ಯೂಸ್ಟನ್ನಿನಲ್ಲಿ ಎರಡು ದಿನ ಇದ್ದೆವು, ಏಣಿ ಇಳಿಯಲಿಲ್ಲ ಎನ್ನುತ್ತಾನೆ. ಹಳೆಯ ತಲೆಮಾರಿನ ನಾವಿಕರು ರಜೆಯಲ್ಲಿ ಬಂದಾಗ ಜಗಲಿಯಲ್ಲಿ ಕೂತು ಹೇಳುತ್ತಿದ್ದ ಪರದೇಶದ ಪೇಟೆಬೀದಿಯ ಕಥೆಗಳು ಇವನ ಬಳಿ ಇಲ್ಲ. ಕಾರಣ ಒಂದೆರಡಲ್ಲ. ಕಂಟೇನರ್ ಬಂದ ಮೇಲೆ ಹಡಗು ಬಂದರಿನಲ್ಲಿ ನಿಲ್ಲುವ ಅವಧಿ ವಾರಗಳಿಂದ ಗಂಟೆಗಳಿಗೆ ಇಳಿಯಿತು. ಹಡಗು ದೊಡ್ಡದಾಯಿತು, ಅದರಲ್ಲಿ ಕೆಲಸ ಮಾಡುವವರ ಸಂಖ್ಯೆ ಚಿಕ್ಕದಾಯಿತು. ಇವೆಲ್ಲದರ ಮೇಲೆ 2004ರ ಜುಲೈ 1ರಂದು ಇನ್ನೊಂದು ಬಂದು ಕೂತಿತು. ಅದೇ ಐಎಸ್‌ಪಿಎಸ್ ಕೋಡ್, ಹಡಗು ಮತ್ತು ಬಂದರುಗಳ ಭದ್ರತೆಗಾಗಿ ಜಗತ್ತಿನ ಕಡಲ ದೇಶಗಳೆಲ್ಲ ಒಪ್ಪಿಕೊಂಡ ನಿಯಮಾವಳಿ.

ಈ ಕೋಡ್ ಬೇಕು ಎನ್ನುವವರ ಮಾತಿನಲ್ಲಿ ಸತ್ಯವಿದೆ. ಇದರಿಂದ ಸಾಕಾಗಿದೆ ಎನ್ನುವವರ ಮಾತಿನಲ್ಲೂ ಅಷ್ಟೇ ಸತ್ಯವಿದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ನೋಡಬೇಕಾದರೆ ಕೋಡ್ ಅಂಗೀಕಾರವಾದ ಲಂಡನ್ನಿನ ಸಮ್ಮೇಳನ ಭವನದಿಂದ ಹೊರಟು ಪ್ರಯೋಜನವಿಲ್ಲ. ಹಡಗಿನ ಏಣಿಯ ಬಳಿ, ನಾವಿಕರು ಗ್ಯಾಂಗ್‌ವೇ ಎನ್ನುವ ಜಾಗದಲ್ಲಿ, ಹೋಗಿ ನಿಲ್ಲಬೇಕು.

ಪಣಂಬೂರಿನ ನವಮಂಗಳೂರು ಬಂದರಿಗೆ ಒಂದು ಕಲ್ಲಿದ್ದಲ ಹಡಗು ಬಂದು ಕಟ್ಟಿಕೊಂಡಿದೆ ಎಂದಿಟ್ಟುಕೊಳ್ಳಿ. ಏಣಿಯ ಮೇಲ್ತುದಿಯಲ್ಲಿ ಒಂದು ಪುಟ್ಟ ಮೇಜು. ಮೇಜಿನ ಮೇಲೆ ರಿಜಿಸ್ಟರ್, ದಾರಕ್ಕೆ ಕಟ್ಟಿದ ಪೆನ್ನು, ‘ವಿಸಿಟರ್’ ಎಂದು ಬರೆದ ಬ್ಯಾಡ್ಜುಗಳು, ಕೈಯಲ್ಲಿ ಹಿಡಿಯುವ ಮೆಟಲ್ ಡಿಟೆಕ್ಟರ್. ಪಕ್ಕದಲ್ಲಿ ‘ಸೆಕ್ಯುರಿಟಿ ಲೆವೆಲ್ 1’ ಎಂಬ ಬೋರ್ಡು. ಅಲ್ಲಿ ನಿಂತಿರುವ ನಾವಿಕನ ಸೊಂಟದಲ್ಲಿ ವಾಕಿಟಾಕಿ. ಏಜೆಂಟ್ ಬರುತ್ತಾನೆ, ಕಸ್ಟಮ್ಸ್‌ನವರು ಬರುತ್ತಾರೆ, ಇಮಿಗ್ರೇಷನ್‌ನವರು, ಸರಕಿನ ಸರ್ವೇಯರ್, ತರಕಾರಿ-ದಿನಸಿ ಪೂರೈಸುವವನು, ಕ್ರೇನ್ ದುರಸ್ತಿಯವನು, ಕೊನೆಗೆ ಪಾಳಿ ಬದಲಾದಾಗ ಒಟ್ಟಿಗೇ ಹತ್ತಿ ಬರುವ ಕಾರ್ಮಿಕರು. ಪ್ರತಿಯೊಬ್ಬರ ಗುರುತಿನ ಚೀಟಿ ನೋಡಬೇಕು, ಹೆಸರು ಬರೆಸಬೇಕು, ಚೀಲ ತಪಾಸಿಸಬೇಕು, ಜೊತೆಗೆ ಒಬ್ಬರನ್ನು ಕಳಿಸಬೇಕು. ಈ ನಡುವೆ ಸರಕು ಇಳಿದಂತೆಲ್ಲ ಹಡಗು ಮೇಲೇಳುತ್ತದೆ. ಏಣಿಯ ಕೋನ ಸರಿಪಡಿಸಬೇಕು, ಬಿಗಿದ ಹಗ್ಗಗಳನ್ನು ಸಡಿಲಿಸಬೇಕು. ಅದೂ ಇದೇ ನಾವಿಕನ ಕೆಲಸ. ಹಿಂದೆ ಅವನು ಹಗ್ಗ, ಏಣಿ ನೋಡಿಕೊಂಡರೆ ಸಾಕಿತ್ತು.

ಲೆವೆಲ್ 1 ಎಂದರೆ ಸಾಮಾನ್ಯ ದಿನ. ಅಪಾಯದ ಸುಳಿವಿದ್ದರೆ 2, ದಾಳಿ ಇಂದೋ ನಾಳೆಯೋ ಎಂಬಂತಿದ್ದರೆ 3. ಯಾವ ಲೆವೆಲ್ ಎಂದು ಹೇಳುವುದು ಸರ್ಕಾರ. ಹಡಗಿನಲ್ಲಿ ಭದ್ರತಾ ಅಧಿಕಾರಿ ಎಂದು ಒಬ್ಬನಿರಬೇಕು, ಕಂಪನಿಯಲ್ಲಿ ಒಬ್ಬ, ಬಂದರಿನಲ್ಲಿ ಒಬ್ಬ. ಮೊದಲು ಅಪಾಯವನ್ನು ಅಳೆಯಬೇಕು, ಆಮೇಲೆ ಯೋಜನೆ ಬರೆದು ಒಪ್ಪಿಗೆ ಪಡೆಯಬೇಕು, ಮೂರು ತಿಂಗಳಿಗೊಮ್ಮೆಯಾದರೂ ಅಭ್ಯಾಸ ಮಾಡಬೇಕು. ಬ್ರಿಡ್ಜಿನಲ್ಲಿ ಒಂದು, ಬೇರೆಡೆ ಕನಿಷ್ಠ ಇನ್ನೊಂದು ಗುಪ್ತ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಹಡಗಿನಲ್ಲಿ ಯಾವ ಗಂಟೆಯೂ ಮೊಳಗುವುದಿಲ್ಲ, ದೂರದ ದಡದಲ್ಲಿರುವ ಅಧಿಕಾರಿಗೆ ಮಾತ್ರ ‘ಈ ಹಡಗು ಅಪಾಯದಲ್ಲಿದೆ’ ಎಂಬ ಸಂದೇಶ ಮುಟ್ಟುತ್ತದೆ. ಪರದೇಶಗಳಿಗೆ ಹೋಗುವ ಪ್ರಯಾಣಿಕ ಹಡಗುಗಳು, 500 ಟನ್ನೇಜಿಗೆ ಕಡಿಮೆಯಿಲ್ಲದ ಸರಕು ಹಡಗುಗಳು, ಅವು ಬಂದು ನಿಲ್ಲುವ ಬಂದರುಗಳು, ಇವಕ್ಕೆಲ್ಲ ಇದು ಕಡ್ಡಾಯ. ಭಾರತದಲ್ಲಿ ಇದರ ಉಸ್ತುವಾರಿ ಡೈರೆಕ್ಟೊರೇಟ್ ಜನರಲ್ ಆಫ್ ಶಿಪ್ಪಿಂಗ್‌ನದು. ನವಮಂಗಳೂರಿನಂಥ ದೊಡ್ಡ ಬಂದರುಗಳ ಗೇಟಿನಲ್ಲಿ ಸಿಐಎಸ್‌ಎಫ್ ಕಾವಲು.

ಇಷ್ಟೆಲ್ಲ ಏಕೆ ಬೇಕಾಯಿತು ಎಂಬುದನ್ನು ಮರೆತು ಕೋಡನ್ನು ಬಯ್ಯುವುದು ಅನ್ಯಾಯ. 2000ದ ಅಕ್ಟೋಬರ್‌ನಲ್ಲಿ ಏಡನ್ ಬಂದರಿನಲ್ಲಿ ಎಣ್ಣೆ ತುಂಬಿಸಿಕೊಳ್ಳುತ್ತಿದ್ದ ಅಮೆರಿಕದ ಯುದ್ಧನೌಕೆ ಕೋಲ್‌ಗೆ ಸ್ಫೋಟಕ ತುಂಬಿದ ಸಣ್ಣ ದೋಣಿಯೊಂದು ಬಂದು ಬಡಿದು 17 ನಾವಿಕರು ಸತ್ತರು. ಮರುವರ್ಷ ಸೆಪ್ಟೆಂಬರ್ 11. ಅದರ ಮರುವರ್ಷ ಯೆಮನ್ ಕರಾವಳಿಯಲ್ಲೇ ಫ್ರಾನ್ಸಿನ ತೈಲ ಹಡಗು ಲಿಂಬರ್ಗ್ ಮೇಲೆ ಅದೇ ಬಗೆಯ ದಾಳಿ. ವಿಮಾನವನ್ನು ಆಯುಧ ಮಾಡಿಕೊಂಡವರು ಹಡಗನ್ನು ಬಿಟ್ಟಾರೆಯೇ ಎಂಬ ಭಯ ಎಲ್ಲೆಡೆ ಹಬ್ಬಿತು. ಲಿಂಬರ್ಗ್ ದಾಳಿಯಾಗಿ ಎರಡು ತಿಂಗಳಿಗೆ, 2002ರ ಡಿಸೆಂಬರ್‌ನಲ್ಲಿ, ಕೋಡ್ ಅಂಗೀಕಾರವಾಯಿತು. ಅಲ್ಲಿಂದ ಒಂದೂವರೆ ವರ್ಷದಲ್ಲಿ ಜಗತ್ತಿನ ಸಾವಿರಾರು ಹಡಗು, ಬಂದರುಗಳು ಅದಕ್ಕೆ ಹೊಂದಿಕೊಳ್ಳಬೇಕಾಯಿತು. ಕಡಲ ಕಾನೂನುಗಳು ಸಾಮಾನ್ಯವಾಗಿ ಆಮೆಯ ನಡಿಗೆಯವು. ಇದು ಮಾತ್ರ ಓಡಿ ಬಂತು. ಓಡಿ ಬಂದದ್ದರ ಲಾಭವೂ ನಷ್ಟವೂ ಇಂದಿಗೂ ಕಾಣುತ್ತಿವೆ.

ಮೊದಲು ಲಾಭ. ಕೋಡ್ ಬರುವ ಮುನ್ನ ಎಷ್ಟೋ ಬಂದರುಗಳಲ್ಲಿ ಹಡಗೆಂದರೆ ಸಂತೆಯ ಮೈದಾನ. ಯಾರು ಹತ್ತಿದರು, ಯಾರು ಇಳಿದರು ಎಂಬ ಲೆಕ್ಕ ಯಾರ ಬಳಿಯೂ ಇರುತ್ತಿರಲಿಲ್ಲ. ಹಗ್ಗದ ಸುರುಳಿ, ಪೇಂಟಿನ ಡಬ್ಬಿ ಮಾಯವಾಗುತ್ತಿದ್ದವು. ಹಡಗು ಕಡಲಿಗಿಳಿದು ಎರಡು ದಿನವಾದ ಮೇಲೆ ಸರಕಿನ ಕೋಣೆಯಿಂದ ಹಸಿದು ಬಸವಳಿದ ಅಪರಿಚಿತನೊಬ್ಬ ಹೊರಬರುತ್ತಿದ್ದ. ಕದ್ದು ಹತ್ತಿದ ಅಂಥವನನ್ನು ಇಳಿಸಿಕೊಳ್ಳಲು ಯಾವ ದೇಶವೂ ಒಪ್ಪದೆ ಕ್ಯಾಪ್ಟನ್ ತಿಂಗಳುಗಟ್ಟಲೆ ಒದ್ದಾಡಿದ ಪ್ರಸಂಗಗಳಿವೆ. ಏಣಿಯ ಬಳಿಯ ಆ ರಿಜಿಸ್ಟರ್, ಹೊರಡುವ ಮುನ್ನ ಮೂಲೆಮೂಲೆ ಹುಡುಕುವ ರೂಢಿ, ಬೀಗ ಹಾಕಿದ ಬಾಗಿಲುಗಳು ನಾವಿಕನ ಜೀವವನ್ನೂ ಕಾಯುತ್ತವೆ. ಹಡಗು ಅವನು ದುಡಿಯುವ ಜಾಗ ಹೇಗೋ ಹಾಗೆಯೇ ಅವನ ಮನೆ. ಮನೆಗೆ ಬಾಗಿಲು ಬೇಡವೆಂದು ಯಾರು ಹೇಳುತ್ತಾರೆ?

ಎರಡನೆಯದು ಅಭ್ಯಾಸದ ಬೆಲೆ. 2024ರ ಜನವರಿ 4ರ ಸಂಜೆ ಸೊಮಾಲಿಯಾ ಕರಾವಳಿಯಾಚೆ ಎಂವಿ ಲೀಲಾ ನಾರ್ಫೋಕ್ ಎಂಬ ಸರಕು ಹಡಗನ್ನು ಐದಾರು ಮಂದಿ ಬಂದೂಕುಧಾರಿಗಳು ಹತ್ತಿದರು. ಅದರಲ್ಲಿದ್ದ 21 ಮಂದಿಯಲ್ಲಿ 15 ಜನ ಭಾರತೀಯರು. ಅವರು ಸಂದೇಶ ಕಳಿಸಿ, ಹಡಗಿನೊಳಗಿನ ಭದ್ರ ಕೋಣೆಗೆ ಸೇರಿಕೊಂಡು ಬಾಗಿಲು ಹಾಕಿಕೊಂಡರು. ಮರುದಿನ ಐಎನ್‌ಎಸ್ ಚೆನ್ನೈ ಬಂತು, ನೌಕಾಪಡೆಯ ಕಮಾಂಡೋಗಳು ಹಡಗು ಹತ್ತಿ ಶೋಧಿಸಿದರು. ಕಡಲ್ಗಳ್ಳರು ಅಷ್ಟರಲ್ಲಿ ಜಾಗ ಖಾಲಿ ಮಾಡಿದ್ದರು. 21 ಜನರೂ ಕ್ಷೇಮ. ಭದ್ರ ಕೋಣೆಯ ಪದ್ಧತಿ ಐಎಸ್‌ಪಿಎಸ್‌ನಿಂದ ನೇರವಾಗಿ ಬಂದದ್ದಲ್ಲ. ಕಡಲ್ಗಳ್ಳರ ಕಾಟಕ್ಕೆಂದು ಹಡಗು ಉದ್ಯಮ ತಾನೇ ಬರೆದುಕೊಂಡ ಮಾರ್ಗಸೂಚಿಯದು. ಆದರೆ ಅಪಾಯ ಬಂದಾಗ ಯಾರು ಯಾರಿಗೆ ಹೇಳಬೇಕು, ಯಾರು ಎಲ್ಲಿಗೆ ಓಡಬೇಕು ಎಂದು ಮುಂಚೆಯೇ ಗೊತ್ತಿರುವ ಸಿಬ್ಬಂದಿಯನ್ನು ಹಡಗಿನ ಮೇಲೆ ತಯಾರು ಮಾಡಿದ್ದರಲ್ಲಿ ಮೂರು ತಿಂಗಳಿಗೊಮ್ಮೆ ಅಭ್ಯಾಸ ಮಾಡಬೇಕೆಂಬ ಈ ಕೋಡಿನ ಕಟ್ಟಳೆಯ ಪಾಲು ದೊಡ್ಡದು.

ಇನ್ನೊಂದು ಲಾಭ ನಮ್ಮ ಮಲೆನಾಡಿನವರೆಗೂ ಮುಟ್ಟುತ್ತದೆ. ಒಂದು ಬಂದರಿಗೆ ಹೋಗುವ ಹಡಗು ತಾನು ಹಿಂದೆ ಮುಟ್ಟಿದ ಹತ್ತು ಬಂದರುಗಳ ಭದ್ರತೆಯ ವಿವರವನ್ನು ಒದಗಿಸಲು ತಯಾರಿರಬೇಕು. ಅದರಲ್ಲಿ ಒಂದು ಬಂದರು ನಿಯಮ ಪಾಲಿಸಿಲ್ಲ ಎಂದಾದರೆ ಮುಂದಿನ ಬಂದರಿನಲ್ಲಿ ಹಡಗಿಗೆ ತಪಾಸಣೆ, ತಡೆ, ಕೆಲವೊಮ್ಮೆ ಪ್ರವೇಶ ನಿರಾಕರಣೆ. ಕೊಡಗು, ಚಿಕ್ಕಮಗಳೂರಿನ ಕಾಫಿ, ಕರಾವಳಿಯ ಕಾರ್ಖಾನೆಗಳ ಗೋಡಂಬಿ ಪಣಂಬೂರಿನಿಂದ ಹಡಗೇರುತ್ತವೆ. ಬಂದರಿನ ಬೇಲಿ ಮುರಿದಿದ್ದರೆ ಅದರ ದಂಡ ಬೆಳೆಗಾರನ ಮನೆಯವರೆಗೂ ಬರುತ್ತದೆ. ಕೋಡ್ ಒಪ್ಪಿದ ಬಂದರು ಎಂಬ ಹೆಸರಿಗೆ ಮಾರುಕಟ್ಟೆಯಲ್ಲಿ ನಿಜವಾದ ಬೆಲೆಯಿದೆ.

ಇನ್ನು ತಕ್ಕಡಿಯ ಆಚೆ ತಟ್ಟೆ.

ಭದ್ರತೆಯ ಹೆಸರಿನಲ್ಲಿ ನಾವು ಕಾಯುತ್ತಿರುವ ಜಾಗದಿಂದಲೇ ಅಪಾಯ ಬಂದಿದೆಯೇ ಎಂಬುದು ಟೀಕಾಕಾರರ ಮೊದಲ ಪ್ರಶ್ನೆ. ನಮ್ಮ ದೇಶದ ಅನುಭವವನ್ನೇ ನೋಡಿ. 1993ರ ಮುಂಬೈ ಸ್ಫೋಟಗಳ ಆರ್‌ಡಿಎಕ್ಸ್ ಇಳಿದದ್ದು ರಾಯಗಡ ಜಿಲ್ಲೆಯ ಶೇಖಾಡಿಯಂಥ ಸಣ್ಣ ಮೀನುಗಾರಿಕೆಯ ದಡದಲ್ಲಿ. 2008ರ ನವೆಂಬರ್ 26ರಂದು ಹಂತಕರು ಬಂದದ್ದು ಪೋರಬಂದರಿನ ಕುಬೇರ್ ಎಂಬ ಮೀನುಗಾರಿಕಾ ದೋಣಿಯನ್ನು ಅಪಹರಿಸಿ, ಅದರಲ್ಲಿದ್ದ ಬಡ ಮೀನುಗಾರರನ್ನು ಕೊಂದು. ಕೊನೆಯ ಹಾದಿಯನ್ನು ರಬ್ಬರ್ ದೋಣಿಯಲ್ಲಿ ಕ್ರಮಿಸಿ ಮುಂಬೈನ ಮೀನುಗಾರರ ಕಾಲೊನಿಯ ದಡಕ್ಕೆ ಕಾಲಿಟ್ಟರು. ಆ ಹೊತ್ತಿಗೆ ಕೋಡ್ ಜಾರಿಗೆ ಬಂದು ನಾಲ್ಕು ವರ್ಷ ದಾಟಿತ್ತು, ಮುಂಬೈ ಬಂದರಿನ ಗೇಟಿನಲ್ಲಿ ಕಾವಲಿತ್ತು. ಮೀನುಗಾರಿಕಾ ದೋಣಿ ಕೋಡಿನ ವ್ಯಾಪ್ತಿಗೇ ಬರುವುದಿಲ್ಲ. ಫಿಲಿಪ್ಪೀನ್ಸ್‌ನ ಸೂಪರ್‌ಫೆರಿ 14 ಹಡಗಿನಲ್ಲಿ 2004ರ ಫೆಬ್ರುವರಿಯಲ್ಲಿ ಬಾಂಬ್ ಸಿಡಿದು 116 ಜನ ಸತ್ತರು. ಅದು ದೇಶದೊಳಗಿನ ಪ್ರಯಾಣದ ಹಡಗು, ಅದೂ ವ್ಯಾಪ್ತಿಯ ಹೊರಗೆ.

ವ್ಯಾಪ್ತಿಯೊಳಗೆ ಇರುವುದಾದರೂ ಸುರಕ್ಷಿತವೇ? 2021ರ ಸೆಪ್ಟೆಂಬರ್‌ನಲ್ಲಿ ಮುಂದ್ರಾ ಬಂದರಿನಲ್ಲಿ ಕಂಟೇನರುಗಳ ಒಳಗೆ 2,988 ಕಿಲೋ ಹೆರಾಯಿನ್ ಸಿಕ್ಕಿತು. ಟಾಲ್ಕ್ ಕಲ್ಲು ಎಂಬ ಕಾಗದಪತ್ರದೊಂದಿಗೆ ಅದು ನಿಯಮ ಪಾಲಿಸುವ ಹಡಗಿನಲ್ಲಿ, ನಿಯಮ ಪಾಲಿಸುವ ಬಂದರಿಗೆ ಬಂದಿತ್ತು. ಹಿಡಿದದ್ದು ಕಂದಾಯ ಗುಪ್ತಚರ ವಿಭಾಗದವರು, ತಮಗೆ ಸಿಕ್ಕ ಸುಳಿವಿನ ಮೇಲೆ. 2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ಎಂಬ ಕಂಪ್ಯೂಟರ್ ದಾಳಿ ನವಿ ಮುಂಬೈನ ಜೆಎನ್‌ಪಿಟಿಯ ಒಂದು ಟರ್ಮಿನಲ್ಲನ್ನೇ ನಿಲ್ಲಿಸಿಬಿಟ್ಟಾಗ ಯಾರೂ ಬೇಲಿ ಹಾರಿರಲಿಲ್ಲ. ನಮಗೆ ಇನ್ನೂ ಹತ್ತಿರದ ನಿದರ್ಶನವೊಂದಿದೆ. 2023ರ ಡಿಸೆಂಬರ್ 25ರಂದು ಪಣಂಬೂರಿಗೆ ಬರಬೇಕಿದ್ದ ಎಂವಿ ಕೆಮ್ ಪ್ಲೂಟೊ ಎಂಬ ಟ್ಯಾಂಕರಿಗೆ ಅದರ ಎರಡು ದಿನ ಮೊದಲು ಗುಜರಾತ್ ಕರಾವಳಿಯಿಂದ ಬಹುದೂರದ ಕಡಲಿನಲ್ಲಿ ಡ್ರೋನ್ ಬಡಿಯಿತು. ಸಿಬ್ಬಂದಿಯಲ್ಲಿ ಹೆಚ್ಚಿನವರು ಭಾರತೀಯರೇ. ಬೆಂಕಿಯನ್ನು ತಾವೇ ಆರಿಸಿದರು, ಪ್ರಾಣಹಾನಿಯಾಗಲಿಲ್ಲ. ಕೋಸ್ಟ್ ಗಾರ್ಡ್‌ನ ವಿಕ್ರಮ್ ನೌಕೆ ಅದನ್ನು ಮುಂಬೈಗೆ ಕರೆತಂದಿತು. ಆಕಾಶದಿಂದ ಬರುವುದನ್ನು ಏಣಿಯ ಬಳಿ ರಿಜಿಸ್ಟರ್ ಹಿಡಿದು ನಿಂತವನು ತಡೆಯಲಾರ.

ಈ ವಾದಕ್ಕೆ ಉತ್ತರವಿಲ್ಲ ಎಂದೇನಲ್ಲ. ಮುಂಬಾಗಿಲಿಗೆ ಬೀಗ ಹಾಕಿದ್ದರಿಂದಲೇ ಕಳ್ಳ ಹಿತ್ತಿಲಿಂದ ಬಂದ, ಹಾಗೆಂದು ಮುಂಬಾಗಿಲ ಬೀಗ ತೆಗೆಯಲಾದೀತೇ? ದೊಡ್ಡ ಬಂದರಿನ ಮೂಲಕ ಬರುವುದು ಕಷ್ಟವಾಗಿರುವುದಕ್ಕೇ ಸಣ್ಣ ದಡಗಳ ಹುಡುಕಾಟ ನಡೆಯುತ್ತದೆ ಎಂಬ ಮಾತು ತೂಕದ್ದು. ನಡೆಯದೆ ಹೋದ ದಾಳಿಯನ್ನು ಲೆಕ್ಕಕ್ಕೆ ಹಿಡಿಯುವ ತಕ್ಕಡಿ ಯಾರ ಬಳಿಯೂ ಇಲ್ಲ. ಇದು ಕೋಡಿನ ಪರವಾಗಿ ಹೇಳಲೇಬೇಕಾದ ಮಾತು. ಆದರೆ ಇದೇ ಮಾತನ್ನು ಹಿಡಿದು ಯಾವ ಹೊಸ ಕಟ್ಟುಪಾಡನ್ನಾದರೂ ಸಮರ್ಥಿಸಿಕೊಳ್ಳಬಹುದು ಎಂಬುದನ್ನೂ ಮರೆಯಬಾರದು.

ಹಿತ್ತಿಲ ಬಾಗಿಲಿನ ವಿಚಾರ ಬಂದಾಗ ನಮ್ಮ ಕಣ್ಣು ಪಣಂಬೂರಿನಿಂದ ದಕ್ಷಿಣಕ್ಕೆ ಹೊರಳಬೇಕು. ಅಲ್ಲಿ ಮಂಗಳೂರಿನ ಹಳೆಯ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಹೋಗುವ ಮಂಜಿ ಎಂಬ ಸರಕು ದೋಣಿಗಳಿಗೆ ತರಕಾರಿ, ಸಿಮೆಂಟು, ಜಲ್ಲಿ ತುಂಬುತ್ತಾರೆ. ಪಕ್ಕದ ದಕ್ಕೆಯಲ್ಲಿ ಟ್ರಾಲ್ ಬೋಟುಗಳು ಒಂದಕ್ಕೊಂದು ಮೈತಾಗಿಸಿಕೊಂಡು ನಿಂತಿರುತ್ತವೆ. ಇವು ಯಾವುವೂ ಐಎಸ್‌ಪಿಎಸ್ ಲೆಕ್ಕಕ್ಕೆ ಬರುವುದಿಲ್ಲ. 26/11ರ ನಂತರ ಸರ್ಕಾರ ಈ ಕಡೆಗೂ ತಿರುಗಿತು. ಕರಾವಳಿ ಕಾವಲು ಪೊಲೀಸರಿಗೆ ಮಲ್ಪೆಯಲ್ಲಿ ಕೇಂದ್ರ ಕಚೇರಿ, ಮಂಗಳೂರಿನಿಂದ ಕಾರವಾರದವರೆಗೆ ಒಂಬತ್ತು ಠಾಣೆಗಳು, ಮೀನುಗಾರರಿಗೆ ಬಯೋಮೆಟ್ರಿಕ್ ಕಾರ್ಡ್, ದೋಣಿಗಳಿಗೆ ರಾಜ್ಯಕ್ಕೊಂದು ಬಣ್ಣ, ‘ಸಾಗರ ಕವಚ’ ಎಂಬ ಅಣಕು ಕಾರ್ಯಾಚರಣೆ. ಈ ಅಭ್ಯಾಸದಲ್ಲಿ ಒಂದು ತಂಡ ನುಸುಳುಕೋರರ ವೇಷದಲ್ಲಿ ದಡ ಸೇರಲು ನೋಡುತ್ತದೆ, ಇನ್ನೊಂದು ತಡೆಯಬೇಕು. ತಪ್ಪು ಎಲ್ಲಿದೆ ಎಂದು ಹುಡುಕುವ ಇಂಥ ಪರೀಕ್ಷೆ ಮುದ್ರೆ ಒತ್ತಿದ ಪ್ರಮಾಣಪತ್ರಕ್ಕಿಂತ ನೂರು ಪಾಲು ಮೇಲು ಎಂದು ನಾನು ನಂಬುತ್ತೇನೆ.

ಮೀನುಗಾರರ ಕಡೆಯಿಂದಲೂ ಎರಡು ಮಾತಿದೆ, ಎರಡೂ ಕೇಳಬೇಕಾದವು. ದೋಣಿ ಇರುವ ಜಾಗ ತಿಳಿಸುವ ಟ್ರಾನ್ಸ್‌ಪಾಂಡರ್ ಹಾಕಿದರೆ ತಾನು ಮೀನು ಹಿಡಿಯುವ ಗುಟ್ಟಿನ ಜಾಗ ಬಯಲಾಗುತ್ತದೆ, ತನ್ನ ಕಡಲಿನಲ್ಲಿ ತನಗೇ ಅನುಮಾನದ ನೋಟ ಎಂಬುದು ಒಂದು ಮಾತು. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ದೋಣಿ ಏಳು ಮಂದಿಯೊಂದಿಗೆ ಕಾಣೆಯಾದದ್ದು, ಅದರ ಅವಶೇಷ ಸಿಗಲು ತಿಂಗಳುಗಳೇ ಬೇಕಾದದ್ದು ಇನ್ನೊಂದು ಮಾತು. ಆ ದಿನಗಳಲ್ಲಿ ಏಳು ಮನೆಗಳು ಅನುಭವಿಸಿದ ಕಾಯುವಿಕೆಯನ್ನು ನೆನೆದರೆ, ದೋಣಿ ಎಲ್ಲಿದೆ ಎಂದು ತೋರಿಸುವ ಸಾಧನವನ್ನು ಬರೀ ಕಣ್ಗಾವಲು ಎನ್ನಲು ನಾಲಗೆ ಏಳುವುದಿಲ್ಲ. ಮುಂಬೈ ದಡದಲ್ಲಿ ಆ ರಾತ್ರಿ ಹಂತಕರನ್ನು ಮೊದಲು ಕಂಡು ‘ಯಾರು ನೀವು’ ಎಂದು ವಿಚಾರಿಸಿದವರೂ ಮೀನುಗಾರರೇ. ಅವರನ್ನು ಅನುಮಾನಿಸುವ ಭದ್ರತೆ ತನ್ನ ಕಣ್ಣಿಗೆ ತಾನೇ ಬಟ್ಟೆ ಕಟ್ಟಿಕೊಂಡಂತೆ.

ಅನುಮಾನ ಎಲ್ಲಿಗೆ ಒಯ್ಯಬಲ್ಲದು ಎಂಬುದಕ್ಕೆ 2012ರ ಫೆಬ್ರುವರಿ 15 ಸಾಕ್ಷಿ. ಕೇರಳದ ಕರಾವಳಿಯಾಚೆ ಇಟಲಿಯ ಎನ್ರಿಕಾ ಲೆಕ್ಸಿ ತೈಲ ಹಡಗಿನ ಮೇಲೆ ಕಡಲ್ಗಳ್ಳರ ವಿರುದ್ಧ ಕಾವಲಿಗೆಂದು ನಿಂತಿದ್ದ ಯೋಧರು ಸೇಂಟ್ ಆಂಟನಿ ಎಂಬ ಮೀನುಗಾರಿಕಾ ದೋಣಿಯ ಮೇಲೆ ಗುಂಡು ಹಾರಿಸಿದರು. ಇಬ್ಬರು ಮೀನುಗಾರರು ಸತ್ತರು. ಒಂಬತ್ತು ವರ್ಷಗಳ ವ್ಯಾಜ್ಯದ ಕೊನೆಗೆ 2021ರಲ್ಲಿ 10 ಕೋಟಿ ರೂಪಾಯಿ ಪರಿಹಾರ ಸಂದಾಯವಾದ ಮೇಲೆ ಸುಪ್ರೀಂ ಕೋರ್ಟ್ ಪ್ರಕರಣ ಮುಗಿಸಿತು. ಹಡಗಿನ ಮೇಲಿದ್ದವರಿಗೆ ಭಯ ನಿಜವಾದದ್ದೇ ಇದ್ದೀತು. ಸತ್ತವರ ಕೈಯಲ್ಲಿ ಬಂದೂಕಿರಲಿಲ್ಲ ಎಂಬುದೂ ನಿಜ.

ಮತ್ತೆ ಏಣಿಯ ಬಳಿಗೆ ಬರೋಣ, ಏಕೆಂದರೆ ಈ ಕೋಡಿನ ದಿನನಿತ್ಯದ ಭಾರ ಬೀಳುವುದು ಅಲ್ಲಿ. ಇಷ್ಟು ಹೊಸ ಕೆಲಸ ಬಂದಾಗ ಹಡಗಿಗೆ ಒಬ್ಬ ಹೆಚ್ಚುವರಿ ಮನುಷ್ಯನನ್ನು ಕೊಡಿ ಎಂದು ಕೋಡ್ ಹೇಳಲಿಲ್ಲ. ಸಾಮಾನ್ಯ ಸರಕು ಹಡಗಿನಲ್ಲಿ ಇಪ್ಪತ್ತರ ಆಸುಪಾಸಿನ ಮಂದಿ. ಬಹಳ ಹಡಗುಗಳಲ್ಲಿ ಚೀಫ್ ಆಫೀಸರ್‌ನೇ ಭದ್ರತಾ ಅಧಿಕಾರಿ. ಸರಕಿನ ಹೊಣೆ ಅವನದು, ಡೆಕ್ಕಿನ ದುರಸ್ತಿ ಅವನದು, ಜೊತೆಗೆ ಭದ್ರತೆಯ ಕಡತವೂ ಅವನ ತಲೆಗೆ. ನಾವಿಕನಿಗೆ ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಕೊಡಬೇಕೆಂದು ಅಂತರರಾಷ್ಟ್ರೀಯ ನಿಯಮವಿದೆ. ಬಂದರಿನ ದಿನಗಳಲ್ಲಿ ಆ ಲೆಕ್ಕವನ್ನು ಕಾಗದದ ಮೇಲೆ ಕೂಡಿಸುವುದು ಎಷ್ಟು ಕಷ್ಟ ಎಂದು ಹಡಗಿನಲ್ಲಿ ದುಡಿದ ಯಾರನ್ನಾದರೂ ಕೇಳಬಹುದು. ನಿದ್ದೆಗೆಟ್ಟವನ ಕಣ್ಣು ಕಾವಲಿನ ಕಣ್ಣಾಗದು. ಡ್ರಿಲ್ ಮಾಡದೆಯೇ ಡ್ರಿಲ್ ಆಯಿತೆಂದು ಬರೆಯುವ ಚಾಳಿ ಎಲ್ಲಿ ಇದೆಯೋ ಅಲ್ಲಿ ಅದು ಹುಟ್ಟುವುದು ಸೋಮಾರಿತನದಿಂದ ಅಲ್ಲ, ಸಮಯವಿಲ್ಲದೆ.

ಇದಕ್ಕಿಂತ ನೋವಿನ ಸಂಗತಿ ದಡಕ್ಕಿಳಿಯುವ ಬಿಡುವಿನದು, ಅಂದರೆ ಶೋರ್ ಲೀವ್‌ನದು. ತಿಂಗಳುಗಟ್ಟಲೆ ಎಂಜಿನ್ನಿನ ಸದ್ದು, ಅದೇ ಕಬ್ಬಿಣದ ಗೋಡೆ, ಅದೇ ಇಪ್ಪತ್ತು ಮುಖ. ಬಂದರಿಗೆ ಬಂದಾಗ ಎರಡು ಗಂಟೆ ನೆಲದ ಮೇಲೆ ನಡೆಯುವುದು, ಮಗಳಿಗೆ ಒಂದು ಆಟಿಕೆ ಕೊಳ್ಳುವುದು, ಹಲ್ಲುನೋವಿದ್ದರೆ ದಂತವೈದ್ಯರ ಬಳಿ ಹೋಗುವುದು, ದೇವಸ್ಥಾನಕ್ಕೋ ಚರ್ಚಿಗೋ ಮಸೀದಿಗೋ ಹೋಗಿಬರುವುದು, ಇಷ್ಟೇ ಅವನು ಕೇಳುವುದು. ಅಮೆರಿಕದಲ್ಲಿ ಪ್ರತಿ ನಾವಿಕನೂ ಬೇರೆಯೇ ವೀಸಾ ಮಾಡಿಸಿಕೊಂಡಿರಬೇಕು. ಇಲ್ಲವಾದರೆ ಏಣಿ ಇಳಿಯುವಂತಿಲ್ಲ. ವೀಸಾ ಇದ್ದವನಿಗೂ ಎಷ್ಟೋ ಖಾಸಗಿ ಟರ್ಮಿನಲ್ಲುಗಳಲ್ಲಿ ಬರ್ತ್‌ನಿಂದ ಗೇಟಿನವರೆಗೆ ನಡೆದು ಹೋಗಲು ಅನುಮತಿಯಿರಲಿಲ್ಲ. ಜೊತೆಗೆ ಬರುವ ಕಾವಲುಗಾರನಿಗೆ, ವಾಹನಕ್ಕೆ ಅವನೇ ಹಣ ತೆರಬೇಕಿತ್ತು. ಕಾವಲು ನೀಡಬೇಕಾದವನನ್ನೇ ಕೈದಿಯಂತೆ ನಡೆಸಿಕೊಂಡರೆ ಅವನು ಕಾವಲನ್ನು ತನ್ನದೆಂದು ಹೇಗೆ ಭಾವಿಸಿಯಾನು?

ಬಂದರಿನವರ ಕಷ್ಟವನ್ನೂ ನೋಡಬೇಕು. ಕಲ್ಲಿದ್ದಲ ಲಾರಿಗಳು, ಕ್ರೇನುಗಳು, ಅಡುಗೆ ಅನಿಲದ ಪೈಪುಗಳ ನಡುವೆ ಅಪರಿಚಿತ ದೇಶದವನೊಬ್ಬ ರಾತ್ರಿ ಹನ್ನೊಂದಕ್ಕೆ ಒಂಟಿಯಾಗಿ ನಡೆದು ಬಂದರೆ ಅದು ಅವನ ಜೀವಕ್ಕೂ ಅಪಾಯ, ಬಂದರಿಗೂ ಅಪಾಯ. ಎಂಆರ್‌ಪಿಎಲ್‌ನ ತೈಲ ಸಂಸ್ಕರಣಾಗಾರದ ಕಚ್ಚಾತೈಲ ಇಳಿಯುವ ಬಂದರಿನಲ್ಲಿ ಗೇಟಿನವನು ಸಡಿಲಾಗಿ ಇರಲಿ ಎಂದು ಪಣಂಬೂರು, ಸುರತ್ಕಲ್ಲಿನಲ್ಲಿ ಮನೆ ಮಾಡಿಕೊಂಡ ಯಾರೂ ಬಯಸುವುದಿಲ್ಲ. ಗೇಟಿನಲ್ಲಿ ನಿಂತ ಜವಾನನಿಗೆ ಒಬ್ಬನನ್ನು ಒಳಬಿಟ್ಟು ಅನಾಹುತವಾದರೆ ನೌಕರಿ ಹೋಗುತ್ತದೆ. ಹತ್ತು ಜನ ನಾವಿಕರನ್ನು ಹೊರಗೆ ಬಿಡದೆ ನಿಲ್ಲಿಸಿದರೆ ಅವನನ್ನು ಯಾರೂ ಏನೂ ಕೇಳುವುದಿಲ್ಲ. ಇದು ಅವನ ದೋಷವಲ್ಲ, ವ್ಯವಸ್ಥೆ ಅವನ ಮುಂದಿಟ್ಟ ಲೆಕ್ಕವೇ ಹಾಗಿದೆ. ಸಂಶಯ ಬಂದಾಗ ಮುಚ್ಚುವುದು ಅವನಿಗೆ ಸುಲಭ, ತೆರೆಯುವುದು ದುಬಾರಿ.

ಇಲ್ಲಿಗೆ ಬಂದಾಗ ನಾನು ಎರಡು ಬದಿಯವರಿಗೂ ಕೋಡಿನ ಪುಸ್ತಕವನ್ನೇ ತೆರೆದು ತೋರಿಸಬಯಸುತ್ತೇನೆ. ಅದರ ಪೀಠಿಕೆಯಲ್ಲೇ, ನಾವಿಕರು ಹಡಗಿನಲ್ಲೇ ಬಾಳುತ್ತಾರೆ, ಅವರಿಗೆ ದಡಕ್ಕಿಳಿಯುವ ಅವಕಾಶ, ಕ್ಷೇಮಕೇಂದ್ರ, ವೈದ್ಯಕೀಯ ಸೌಲಭ್ಯ ಬೇಕು, ಯೋಜನೆಗೆ ಒಪ್ಪಿಗೆ ಕೊಡುವಾಗ ಸರ್ಕಾರಗಳು ಇದನ್ನು ಗಮನಿಸಬೇಕು ಎಂಬ ಮಾತಿದೆ. ಪೀಠಿಕೆ ಎಂದರೆ ಬರೀ ಹಾರೈಕೆ ಎನ್ನುವವರಿಗೆ ಇನ್ನೊಂದು ಕಡೆ ಬೆರಳಿಡಬಹುದು. ಕೋಡಿನಲ್ಲಿ ‘ಎ’ ಭಾಗ ಕಡ್ಡಾಯ, ‘ಬಿ’ ಭಾಗ ಸಲಹೆ. ಬಂದರಿನ ಭದ್ರತಾ ಯೋಜನೆಯಲ್ಲಿ ಏನೇನು ಇರಲೇಬೇಕು ಎಂದು ಹೇಳುವುದು ‘ಎ’ ಭಾಗದ 16.3. ಬೇಲಿ, ತಪಾಸಣೆ, ತುರ್ತು ತೆರವು ಎಲ್ಲ ಅಲ್ಲಿವೆ. ಅದೇ ಪಟ್ಟಿಯಲ್ಲಿ, ನಾವಿಕರು ದಡಕ್ಕಿಳಿಯಲು, ಸಿಬ್ಬಂದಿ ಬದಲಾಗಲು, ಕ್ಷೇಮ ಸಂಘಟನೆ ಮತ್ತು ಕಾರ್ಮಿಕ ಸಂಘಟನೆಯವರು ಹಡಗಿಗೆ ಬರಲು ಅನುಕೂಲ ಮಾಡಿಕೊಡುವ ವಿಧಾನವೂ ಯೋಜನೆಯಲ್ಲಿರಬೇಕು ಎಂದಿದೆ. ಅದು ದಯೆಯ ವಿಷಯ ಅಲ್ಲವೇ ಅಲ್ಲ. ಬೇಲಿ ಎಷ್ಟು ಕಡ್ಡಾಯವೋ ಇದೂ ಅಷ್ಟೇ ಕಡ್ಡಾಯ.

ಹೀಗಾಗಿ ಭದ್ರತೆಯೋ ಮನುಷ್ಯತ್ವವೋ ಎಂಬ ಜಗಳದಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಪುಸ್ತಕದ ಮುಚ್ಚುವ ಅರ್ಧವನ್ನು ನಾವು ಶ್ರದ್ಧೆಯಿಂದ ಜಾರಿ ಮಾಡಿದೆವು, ತೆರೆಯುವ ಅರ್ಧವನ್ನು ಬಿಟ್ಟುಬಿಟ್ಟೆವು. ತಪಾಸಣೆಗೆ ಬರುವವರು ಬೇಲಿಯ ಎತ್ತರ, ಕ್ಯಾಮೆರಾದ ಸಂಖ್ಯೆ ಎಣಿಸುತ್ತಾರೆ. ಕಳೆದ ತಿಂಗಳು ಎಷ್ಟು ನಾವಿಕರು ದಡಕ್ಕಿಳಿಯಲು ಕೇಳಿದರು, ಎಷ್ಟು ಜನರಿಗೆ ಸಿಕ್ಕಿತು, ಎಷ್ಟು ಹೊತ್ತು ಕಾದರು ಎಂದು ಅದೇ ತಪಾಸಣೆಯಲ್ಲಿ ಎಣಿಸಿದರೆ ಗೇಟಿನ ಲೆಕ್ಕಾಚಾರ ತಾನಾಗಿ ಬದಲಾಗುತ್ತದೆ.

ಮಾಡಲಾಗದ ಕೆಲಸ ಇದಲ್ಲ. ಭದ್ರತೆಯ ವಿಷಯದಲ್ಲಿ ಎಲ್ಲರಿಗಿಂತ ಬಿಗಿಯಾದ ಅಮೆರಿಕದಲ್ಲೇ ದಾರಿ ಸಿಕ್ಕಿದೆ. ನಾವಿಕರ ಸಂಘಟನೆಗಳ ವರ್ಷಗಳ ಒತ್ತಾಯದ ನಂತರ ಅಲ್ಲಿನ ಕೋಸ್ಟ್ ಗಾರ್ಡ್ 2019ರ ಏಪ್ರಿಲ್‌ನಲ್ಲಿ ನಿಯಮ ತಂದಿತು. ಹಡಗಿನಿಂದ ಗೇಟಿನವರೆಗೆ ನಾವಿಕರು ಸಕಾಲದಲ್ಲಿ ಹೋಗಿಬರುವ ವ್ಯವಸ್ಥೆಯನ್ನು ಟರ್ಮಿನಲ್ಲುಗಳೇ ಮಾಡಬೇಕು, ಅದಕ್ಕೆ ನಾವಿಕನಿಂದ ಹಣ ಪಡೆಯಬಾರದು, ಈ ವ್ಯವಸ್ಥೆ ಭದ್ರತಾ ಯೋಜನೆಯೊಳಗೇ ಬರೆದಿರಬೇಕು. 2020ರ ಜೂನ್ 1ರೊಳಗೆ ಜಾರಿಗೆ ತನ್ನಿ ಎಂದು ಗಡುವನ್ನೂ ಕೊಟ್ಟಿತು. ವೀಸಾದ ಗೋಡೆ ಅಲ್ಲಿ ಇನ್ನೂ ಇದೆ. ಆದರೆ ಗೇಟಿನ ಗೋಡೆಯಲ್ಲಿ ಒಂದು ಬಾಗಿಲಾಯಿತು. ಭಾರತವೂ ನಾವಿಕರ ಗುರುತಿನ ದಾಖಲೆಯ ಒಪ್ಪಂದಕ್ಕೂ ನಾವಿಕರ ದುಡಿಮೆಯ ಹಕ್ಕುಗಳ ಒಪ್ಪಂದಕ್ಕೂ 2015ರಲ್ಲಿ ಒಪ್ಪಿಗೆಯ ಮುದ್ರೆ ಒತ್ತಿದೆ. ಎರಡನೆಯದರಲ್ಲಿ ದಡಕ್ಕಿಳಿಯುವ ಹಕ್ಕು ಸ್ಪಷ್ಟವಾಗಿದೆ.

ಕೊನೆಗೆ ನನ್ನ ತೀರ್ಮಾನ ಇಷ್ಟು. ಕೋಡ್ ಇರಲೇಬೇಕು, ಅದನ್ನು ಸಡಿಲಿಸಬೇಕೆನ್ನುವವರ ಜೊತೆ ನಾನಿಲ್ಲ. ಆದರೆ ಭದ್ರತೆಯ ಕೆಲಸ ಹೆಚ್ಚಿದಷ್ಟು ಹಡಗಿಗೆ ಕೈಗಳೂ ಹೆಚ್ಚಬೇಕು. ಡ್ರಿಲ್ ಆಯಿತೇ ಎಂದು ಕೇಳುವ ಬದಲು ಡ್ರಿಲ್‌ನಲ್ಲಿ ಏನು ತಪ್ಪಾಯಿತು ಎಂದು ಕೇಳುವ ತಪಾಸಣೆ ಬೇಕು. ಮೀನುಗಾರರನ್ನು ಕಡಲಿನ ಕಣ್ಣುಗಳೆಂದು ಗೌರವಿಸಿ ಜೊತೆಗೆ ಕರೆದುಕೊಳ್ಳಬೇಕು. ನಮ್ಮ ಬಂದರುಗಳು, ಪಣಂಬೂರು ಸೇರಿದಂತೆ, ಬರ್ತ್‌ನಿಂದ ಗೇಟಿಗೆ ಉಚಿತ ವಾಹನ, ಅದರ ವೇಳೆ, ಪಾಸ್ ಸಿಗುವ ಗಡುವು ಇಷ್ಟನ್ನು ತಮ್ಮ ಯೋಜನೆಯಲ್ಲಿ ಬರೆದು ಏಣಿಯ ಬುಡದಲ್ಲೇ ತೂಗುಹಾಕಲಿ. ಪರದೇಶದ ಬಂದರಿನಲ್ಲಿ ನಮ್ಮ ಮಗನಿಗೆ ಸಿಗಲಿ ಎಂದು ನಾವು ಬಯಸುವ ಆ ಎರಡು ಗಂಟೆಯನ್ನು ನಮ್ಮ ದಡಕ್ಕೆ ಬಂದ ಫಿಲಿಪ್ಪೀನ್ಸಿನ ತಾಯಿಯೊಬ್ಬಳ ಮಗನಿಗೆ ನಾವು ಮೊದಲು ಕೊಡೋಣ. ಅದಕ್ಕೆ ಹೊಸ ಕಾನೂನು ಬೇಕಾಗಿಲ್ಲ. 16.3ರ ಆ ಸಾಲು 2004ರ ಜುಲೈ 1ರಿಂದಲೇ ಜಾರಿಯಲ್ಲಿದೆ.